ದೊಡ್ಡವ್ವ ಬಿಟ್ಟುಕೊಟ್ಟ ಕುರ್ಚಿ

ದೊಡ್ಡವ್ವನ ಬಲಗೈಯ ತೋರುಬೆರಳು ಅರ್ಧವೇ ಇತ್ತು. ಹರೆಯದಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿತ್ತಂತೆ. ಮಾತಿಗೆ ನಿಂತಳೆಂದರೆ ಆ ಮೋಟುಬೆರಳನ್ನೇ ಎದುರಿನವರ ಎದೆಗೆ ಹಿಡಿಯುತ್ತಿದ್ದಳು. ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕಿದವರಿಗೆ ಒಂದೇ ಉತ್ತರ: "ತಡೀ, ಅವಂದು ಮುಗೀಲಿ."

ಮಹಾಲಿಂಗಪುರದ ಹತ್ತಿರದ ನಮ್ಮೂರ ಪಂಚಾಯ್ತಿಗೆ ಅವಳು ಅಧ್ಯಕ್ಷೆಯಾಗಿದ್ದಾಗ ರಸ್ತೆಯ ಜಗಳ ಹುಟ್ಟಿತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಹಳ್ಳದ ತಿರುವಿನಲ್ಲಿ ಮಗುಚುತ್ತಿದ್ದವು. ಆ ಹಂಗಾಮಿನಲ್ಲಿ ಒಬ್ಬ ಡ್ರೈವರ್ ಸತ್ತೇಹೋದ. ರಸ್ತೆ ನೇರ ಮಾಡಬೇಕೆಂದು ಊರೇ ಎದ್ದಿತು. ನೇರ ಮಾಡಿದರೆ ಅದು ಗಾದಿ ಹೊಲಿಯುವ ಪಿಂಜಾರರ ಗೋರಿಗಳ ಮೇಲೆ ಹಾಯಬೇಕು. ಅವರದು ಏಳೆಂಟು ಮನೆ; ಪಂಚಾಯ್ತಿಯಲ್ಲಿ ಅವರ ಸದಸ್ಯನೊಬ್ಬನೂ ಇಲ್ಲ.

ಸಭೆಯಲ್ಲಿ ರಸ್ತೆಯ ಪರವಾಗಿ ಮೊದಲು ಎದ್ದವನು ನಮ್ಮಪ್ಪ, ಅವಳ ಸ್ವಂತ ಮೈದುನ; ಅವನೂ ಸದಸ್ಯ.

"ಕೈ ಎತ್ತಸ್ರಿ ವೈನಿ. ಊರೆಲ್ಲಾ ಒಂದಾಗೇತಿ."

ದೊಡ್ಡವ್ವ ಬಾಗಿಲ ಬಳಿ ನಿಂತಿದ್ದ ಪಿಂಜಾರರ ಹಿರಿಯನತ್ತ ನೋಡಿದಳು. "ಹಂಗಾರ ಈ ಕಾಕಾ ಯಾವ ಊರಾಂವ?"

"ಮಂದಿ ಜೀವ ಉಳೀಬೇಕಿಲ್ಲೇನ್ರಿ?"

"ಉಳೀಬೇಕು. ತಿರುವು ಅಗಲ ಮಾಡೂಣು, ನಮ್ಮ ಹೊಲಾನ ಹೋಗ್ಲಿ. ಇವರ ಅಪ್ಪನ ಗೋರಿ ಅಗಿಯಾಕ ನಾ ಕೈ ಎಣಸೂದಿಲ್ಲ."

"ಅವರ ಕಡಿಯಾಕಿ!" ಹೊರಗಿನಿಂದ ಯಾರೋ ಕೂಗಿದರು. ಕಲ್ಲೊಂದು ಬಂದು ಕಿಟಕಿಯ ಗಾಜು ಒಡೆಯಿತು. ದೊಡ್ಡವ್ವ ಕುಳಿತಲ್ಲಿಂದ ಏಳಲಿಲ್ಲ.

ಸ್ವಲ್ಪ ದಿನಕ್ಕೆ ಅವಳ ಮೇಲೆ ಅವಿಶ್ವಾಸ ತಂದರು. ಮೊದಲ ಸಹಿ ಅಪ್ಪನದು. ಒಂದೇ ಒಲೆಯ ಮನೆ ನಮ್ಮದು. ಆಗ ತಾಟು ಇಡುವ ಸಪ್ಪಳಕ್ಕೂ ನಾವು ಬೆಚ್ಚುತ್ತಿದ್ದೆವು. ಜಮಖಂಡಿಯಿಂದ ಬಂದ ಸಾಹೇಬರು ಕೈ ಎಣಿಸಿದರು. ದೊಡ್ಡವ್ವ ಸೋತಳು. ತಕ್ಷಣ ಎದ್ದು ನಿಂತಳು.

"ಈ ಕುರ್ಚಿ ನೀವು ಕೊಟ್ಟದ್ದು, ನೀವ ತಗೊಂಡ್ರಿ. ಅದು ಖರೆ ನ್ಯಾಯ. ಆ ಗೋರಿ ನೀವು ಕೊಟ್ಟದ್ದಲ್ಲ."

ಮನೆಗೆ ಬಂದವಳೇ ರೊಟ್ಟಿ ಬಡಿಯಲು ಕುಳಿತಳು. ಅಪ್ಪ ಹೊರಗಿನ ಕಟ್ಟೆಯಲ್ಲೇ ಉಳಿದಿದ್ದ.

"ತಮ್ಮಾ, ರೊಟ್ಟಿ ಆರಾಕತ್ತಾವು, ಬಾ."

ಅಪ್ಪ ಬಂದು ಕುಳಿತ.

ಹೊಸ ಅಧ್ಯಕ್ಷರ ಸಭೆಯಲ್ಲಿ ರಸ್ತೆಯ ಮಾತು ಮತ್ತೆ ಬಂದಾಗ, ತಿರುವಿಗೆ ನಮ್ಮ ಹೊಲ ಬಿಡುತ್ತೇವೆಂದು ಎದ್ದು ಹೇಳಿದವನು ಅಪ್ಪನೇ. ಗೋರಿಗಳು ಉಳಿದವು.

ದೊಡ್ಡವ್ವ ಹೋದ ವರ್ಷ ತೀರಿಕೊಂಡಳು. ಈಗ ಅದೇ ಪಂಚಾಯ್ತಿಗೆ ನಾನು ಸದಸ್ಯೆ. ನಾನಂದ ಮಾತಿಗೆ ಎಲ್ಲರೂ ಒಮ್ಮೆಲೇ ಹೂಂಗುಟ್ಟಿದರೆ ಎದೆ ಝಲ್ಲೆನ್ನುತ್ತದೆ. ಯಾರು ಬಾಯಿಬಿಡದೆ ಕುಳಿತಿದ್ದಾರೆಂದು ಹುಡುಕಿ ನೋಡಿಯೇ ಮುಂದಿನ ಮಾತು. ಆ ಅಂಜಿಕೆ ನನಗೆ ಅವಳಿಂದ ಬಂದದ್ದು.