ಜೇಡ ಸಾಕುತ್ತಿದ್ದ ನೆರೆಯವರು

ಪರದೇಶದ ಸ್ಕೋಫೀಲ್ಡ್ಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದವರು ಜೇಡಗಳನ್ನು ಸಾಕುತ್ತಿದ್ದರು. ಮಗಳ ಹಟಕ್ಕೆ ನಾನು ಟರಂಟುಲಾ ಎಂಬ ದೊಡ್ಡ ಜೇಡವೊಂದನ್ನು ತಂದ ದಿನ ಅವರೇ ಬಂದು, ಗಾಜಿನ ಪೆಟ್ಟಿಗೆಗೆ ಒದ್ದೆ ಮಣ್ಣು ತುಂಬಿ, ಹೆಬ್ಬೆರಳಿನಿಂದ ಒತ್ತಿ ಸಣ್ಣ ಬಿಲ ಮಾಡಿಕೊಟ್ಟರು. ಪೆಟ್ಟಿಗೆಯ ಮುಂದೆ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದರು.

"ಅವಸರ ಮಾಡಬ್ಯಾಡ್ರಿ. ಹೊಸಾ ಮನಿ, ಹೊಂದ್ಕೊಳ್ಳಲಿ. ಎರಡು ವಾರ ಮುಟ್ಟಬ್ಯಾಡ್ರಿ," ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು ಮತ್ತೆ, "ಅವಸರ ಮಾಡಬ್ಯಾಡ್ರಿ."

ನಾಲ್ಕನೇ ದಿನ, ಮನೆಗೆ ಬಂದ ಸ್ನೇಹಿತರಿಗೆ ತೋರಿಸುವ ಚಪಲಕ್ಕೆ ನಾನು ಚಮಚದಿಂದ ಬಿಲ ಕೆದಕಿದೆ. ಗಾಬರಿಯಾದ ಜೇಡ ನನ್ನ ಕೈಮೇಲೆ ಏರಿತು. ಹೆದರಿ ಕೊಡವಿದೆ. ಟೈಲ್ಸ್ ಮೇಲೆ ಬಿದ್ದು ಅದರ ಹೊಟ್ಟೆ ಒಡೆಯಿತು.

ನೆರೆಯವರು ಬರುವಷ್ಟರಲ್ಲಿ ಅದನ್ನು ಹಿತ್ತಲಲ್ಲಿ ಹೂತಿದ್ದೆ. "ಯಾಕೋ ಗೊತ್ತಿಲ್ಲ ಸರ್, ಬೆಳಗ್ಗೆ ನೋಡಿದ್ರೆ ಸತ್ತೋಗಿತ್ತು," ಎಂದೆ.

ಅವರು ಪೆಟ್ಟಿಗೆಯ ಮಣ್ಣನ್ನು ಬೆರಳುಗಳಲ್ಲಿ ಹಿಂಡಿ ನೋಡಿದರು. "ನೀರು ನಾನ ಜಾಸ್ತಿ ಹಾಕಿದ್ನೇನೋ. ತಪ್ಪು ನಂದ ಅದರಿ."

ಆಮೇಲೆ ಹೊಸದಾಗಿ ಜೇಡ ತಂದವರು ಯಾರು ಕರೆದರೂ, "ನನಗ ಅಷ್ಟು ತಿಳಿಯಂಗಿಲ್ರಿ," ಎಂದು ಅವರು ಹೋಗುತ್ತಿರಲಿಲ್ಲ. ಮರುವರ್ಷ ಮೆಲ್ಬರ್ನ್‌ಗೆ ಹೊರಟಾಗ ಅವರ ಸಾಮಾನುಗಳನ್ನು ಕಾರಿಗೆ ಏರಿಸಲು ನಾನೇ ಕೈಹಚ್ಚಿದೆ. ಇಡೀ ಬೆಳಗು ಇಬ್ಬರೇ ಇದ್ದೆವು. ಆಗಲೂ ನಾನು ನಿಜ ಹೇಳಲಿಲ್ಲ.