ಸಣ್ಣೀರಮ್ಮನ ಪಾಟಿ ಸವಾಲು

೧೯೩೪ರಲ್ಲಿ ನಾನು ಮಧುಗಿರಿಯಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದೆ. ಕೆಲಸಕ್ಕೆ ಸೇರಿ ಏಳು ವರ್ಷವಾಗಿತ್ತು. ದಂಡ ಸಂಹಿತೆಯ ಕಲಮುಗಳು ಬಾಯಿಪಾಠವಾಗಿದ್ದವು, ತೀರ್ಪು ಬರೆಯುವಾಗ ಕೈ ತಡೆಯುತ್ತಿರಲಿಲ್ಲ. ನನ್ನ ಮುಂದೆ ಬರುತ್ತಿದ್ದವು ಹೆಚ್ಚಾಗಿ ಹೊಡೆದಾಟ, ಬೇಲಿಯ ತಂಟೆ, ದನಕುರಿಗಳ ಕಳವು. ಚನ್ನರಾಯನದುರ್ಗದ ಕಡೆಯ ಒಂದು ಹಟ್ಟಿಯ ಸಣ್ಣೀರಮ್ಮನ ಕೇಸು ಅಂಥದ್ದೇ.

ಸಣ್ಣೀರಮ್ಮನಿಗೆ ನಲವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಕುರಿಮಂದೆಯನ್ನು ತಾನೇ ಕಾಯುತ್ತಿದ್ದಳು. ಪಕ್ಕದ ಹಟ್ಟಿಯ ನಾಗಯ್ಯನ ಮಂದೆಯೂ ಅದೇ ಬೆಟ್ಟದ ತಪ್ಪಲಲ್ಲಿ ಮೇಯುತ್ತಿತ್ತು. ಮೇವಿನ ಜಾಗಕ್ಕಾಗಿ ಜಗಳವಾಗಿ ಇಬ್ಬರಿಗೂ ಮಾತು ನಿಂತಿತ್ತು. ತನ್ನ ಗಬ್ಬದ ಕುರಿಯೊಂದನ್ನು ಆಕೆ ಕದ್ದಳೆಂದು ನಾಗಯ್ಯ ದೂರು ಕೊಟ್ಟ. ಠಾಣೆಯ ದಫೇದಾರ ಆಕೆಯ ಮಂದೆಯಿಂದ ಕುರಿಯನ್ನು ಹಿಡಿದು, ಪಂಚರ ಮುಂದೆ ಮಹಜರು ಬರೆದು, ಕೇಸು ಮುಗಿಯುವವರೆಗೆ ಸಾಕಲು ಅದನ್ನು ನಾಗಯ್ಯನ ವಶಕ್ಕೇ ಕೊಟ್ಟಿದ್ದ. ಸಣ್ಣೀರಮ್ಮ ತಪ್ಪೊಪ್ಪಿಕೊಂಡಳೆಂದು ಹೆಬ್ಬೆಟ್ಟು ಒತ್ತಿಸಿದ ಕಾಗದವೂ ಕಡತದಲ್ಲಿತ್ತು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ. ಅದನ್ನು ಬದಿಗಿಟ್ಟೆ.

ಮೊದಲ ದಿನ ನಾಗಯ್ಯನೂ ಅವನ ಭಾವಮೈದುನನೂ ಸಾಕ್ಷಿ ಹೇಳಿದರು. "ಎಡಗಿವಿ ಸೀಳಿ ತುದಿ ಕುಯ್ಯೋದು ನಮ್ಮ ಗುರುತು ಸ್ವಾಮಿ. ಆ ಕುರಿಗೆ ಎರಡೂ ಐತೆ" ಎಂದ ನಾಗಯ್ಯ. ಮೇಲ್ನೋಟಕ್ಕೆ ಕೇಸು ಗಟ್ಟಿಯಾಗಿ ಕಂಡಿತು. ಹಾಗೆ ಕಂಡಾಗ ಮ್ಯಾಜಿಸ್ಟ್ರೇಟ್ ಚಾರ್ಜ್ ಬರೆಯಬೇಕು. ನಿನ್ನ ಮೇಲೆ ಇಂಥ ಅಪರಾಧದ ಆಪಾದನೆಯಿದೆ ಎಂದು ಆರೋಪಿಗೆ ಲಿಖಿತವಾಗಿ ಹೇಳುವುದೇ ಚಾರ್ಜ್. ಬರೆದು ಓದಿದೆ. ಅಪರಾಧ ಮಾಡಿದ್ದು ನಿಜವೇ ಎಂದು ಕೇಳಿದೆ.

"ತಪ್ಪಾಯ್ತು ಬುದ್ಧಿ" ಎಂದಳು ಸಣ್ಣೀರಮ್ಮ.

ಬೆಂಚ್ ಕ್ಲಾರ್ಕ್ ಲೇಖನಿಯನ್ನು ಮಸಿಗೆ ಅದ್ದಿದರು. ಒಪ್ಪಿಕೊಂಡರೆ ವಿಚಾರಣೆ ಅಲ್ಲಿಗೇ ಮುಗಿಯಿತು. ಆ ದಿನ ನನಗೆ ಇನ್ನೂ ಎಂಟು ಕೇಸುಗಳಿದ್ದವು. ಆದರೆ ಸ್ವಲ್ಪ ಹೊತ್ತಿನ ಮುಂಚೆ ಜವಾನ "ಅತ್ತ ಸರಿದು ನಿಲ್ಲು" ಎಂದು ಗದರಿದಾಗಲೂ ಆಕೆ ಇದೇ ಮಾತು, ಇದೇ ದನಿಯಲ್ಲಿ ಹೇಳಿದ್ದು ಕಿವಿಯಲ್ಲಿತ್ತು. ಬರೆಯಬೇಡಿ ಎಂದು ಕ್ಲಾರ್ಕಿಗೆ ಸನ್ನೆ ಮಾಡಿದೆ.

"ಏನು ತಪ್ಪು ಮಾಡಿದೆಯಮ್ಮ?"

"ತಮ್ಮಂಥೋರ ಮುಂದೆ ಬಂದು ನಿಂತಿದ್ದೀನಲ್ಲ ಬುದ್ಧಿ, ಅದೇಯ."

"ನಾಗಯ್ಯನ ಕುರಿ ಕದ್ದೆಯಾ?"

"ಇಲ್ಲ. ಅದು ನಮ್ಮ ಕುರಿ ರೊಪ್ಪದಾಗೇ ಹುಟ್ಟಿದ್ದು. ತಪ್ಪಾಯ್ತು ಅಂದ್ಬುಡು, ಬಿಟ್ಬುಡ್ತಾರೆ ಅಂತ ನಮ್ಮ ಪಟೇಲ್ರು ಅಂದ್ರು. ಅಂಗಂದ್ರೆ ಏನಾಗ್ತೈತೆ?"

ಕಳವಿಗೆ ಮೂರು ವರ್ಷದವರೆಗೂ ಜೈಲಾಗಬಹುದು, ಸರ್ಕಾರದ ಕಾಗದದಲ್ಲಿ ಕಳ್ಳಿ ಎಂದು ದಾಖಲಾಗುತ್ತದೆ ಎಂದೆ. ಆಕೆ ಕಟಕಟೆಯ ಮರವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. "ಮಗಳ್ನ ಬರಗೂರಿಗೆ ಕೊಡಾಕೆ ಮಾತಾಗೈತೆ. ಕಳ್ಳಿ ಮಗಳ್ನ ಯಾರು ತಗೊಂಡೋಗ್ತಾರೆ?"

ಚಾರ್ಜಿನ ಕಾಗದವನ್ನು ಮೇಜಿನ ಮೇಲಿಟ್ಟು ಬಾಯಿಮಾತಿನಲ್ಲಿ ಹೇಳಿದೆ. "ನೋಡಮ್ಮ, ಇದು ಅವರು ಹೇಳುತ್ತಿರುವ ಮಾತು, ಅಷ್ಟೇ. ನಿಜ ಅಂತ ತೋರಿಸಬೇಕಾದವರು ಅವರು. ಮಾತಾಡು ಅಂತ ನಿನ್ನನ್ನು ಯಾರೂ ಬಲವಂತ ಮಾಡುವ ಹಾಗಿಲ್ಲ. ವಕೀಲರನ್ನು ಇಟ್ಟುಕೊಳ್ಳಬಹುದು, ನಿನ್ನ ಕಡೆಯ ಸಾಕ್ಷಿ ತರಬಹುದು. ಈಗ ಸಾಕ್ಷಿ ಹೇಳಿದವರನ್ನು ತಿರುಗಿ ಕರೆಸಿ ಪಾಟಿ ಸವಾಲು ಮಾಡಬಹುದು. ಅಂದರೆ ಅವರು ಹೇಳಿದ್ದರ ಮೇಲೆ ಪ್ರಶ್ನೆ ಕೇಳಬಹುದು."

"ನಾಗಯ್ಯನ್ನ ನಾನೇ ಕೇಳ್ಬೋದಾ?"

"ನೀನೇ ಕೇಳಬಹುದು. ಅವನು ಉತ್ತರ ಕೊಡಬೇಕು."

"ಅಂಗಾದ್ರೆ ಕುರೀನೂ ತರ್ಸಿ."

ಹದಿನೈದು ದಿನದ ಮೇಲೆ ಕುರಿಯನ್ನು ಕೋರ್ಟಿನ ಅಂಗಳದ ಹೊಂಗೆ ಮರಕ್ಕೆ ಕಟ್ಟಿದ್ದರು. ಸಣ್ಣೀರಮ್ಮ ಅದರ ಎಡಗಿವಿಯನ್ನು ಮಡಿಸಿ, ಬೆರಳಿನಿಂದ ಸವರಿ ನೋಡಿ, ಸೆರಗು ಸರಿಮಾಡಿಕೊಂಡು ಒಳಗೆ ಬಂದಳು. ವಕೀಲರನ್ನು ಇಟ್ಟಿರಲಿಲ್ಲ.

"ಮಾವ, ನಿಮ್ಮ ಗುರುತು ಯಾವಾಗ ಹಾಕ್ತೀರಾ?" ಎಂದು ಶುರುಮಾಡಿದಳು. ನಾಗಯ್ಯ ಆಕೆಗಿಂತ ಹಿರಿಯ. ಕಟಕಟೆಯಲ್ಲಿ ನಿಂತೂ ಆಕೆ ಆ ಮರ್ಯಾದೆ ಬಿಡಲಿಲ್ಲ.

"ಮರಿ ಇದ್ದಾಗ."

"ಸೀಳೋದು, ತುದಿ ಕುಯ್ಯೋದು, ಎರಡೂ ಒಂದೇ ದಿನವಾ?"

"ಒಂದೇ ದಿನ."

"ಈ ಕುರಿಗೂ?"

"ಇದಕ್ಕೂ. ಮೂರು ವರ್ಷದ ಕೆಳಗೆ."

"ಸೀಳಿದ ಕಡೆ ಗಾಯ ಮಾಯ್ದು ಕೂದಲು ಬಂದೈತೆ. ತುದೀದು ಇನ್ನೂ ಯಾಕೆ ಮಾಯ್ದಿಲ್ಲ ಮಾವ?"

ನಾಗಯ್ಯ ಭಾವಮೈದುನನ ಕಡೆ ನೋಡಿದ. ಆಮೇಲೆ ಬೇಲಿಮುಳ್ಳಿಗೆ ಸಿಕ್ಕಿ ಹರಿದಿರಬಹುದು ಎಂದ. ನಾನೇ ಅಂಗಳಕ್ಕೆ ಹೋಗಿ ನೋಡಿದೆ. ಕಿವಿಯ ತುದಿ ಕತ್ತಿಯಲ್ಲಿ ಕುಯ್ದಂತೆ ನೇರವಾಗಿತ್ತು. ಗಾಯದ ಮೇಲಿನ ಹಕ್ಕಳೆ ಇನ್ನೂ ಉದುರಿರಲಿಲ್ಲ. ಒಳಗೆ ಬಂದು ಮಹಜರು ತೆಗೆಸಿ ಎಲ್ಲರಿಗೂ ಕೇಳುವಂತೆ ಓದಿದೆ. "ಎಡಗಿವಿಯಲ್ಲಿ ಹಳೆಯ ಸೀಳು ಒಂದು" ಎಂದಷ್ಟೇ ಇತ್ತು. ಕುರಿ ಹಿಡಿದ ದಿನ ಕಿವಿಯ ತುದಿ ಪೂರ್ತಿಯಾಗಿತ್ತೇ ಎಂದು ದಫೇದಾರನನ್ನು ಕೇಳಿದೆ. "ಪೂರ್ತಿ ಇತ್ತು ಸ್ವಾಮಿ" ಎಂದ. ಬರೀ ಸೀಳು ಸಣ್ಣೀರಮ್ಮನ ಮಂದೆಯ ಗುರುತು, ಆಕೆಯ ಬೇರೆ ಕುರಿಗಳಿಗೂ ಅದೇ ಇತ್ತೆಂದು ಅವನೇ ಹೇಳಿದ. ತುದಿಯನ್ನು ನಾಗಯ್ಯ ತನ್ನ ವಶದಲ್ಲಿದ್ದಾಗ ಕುಯ್ದಿದ್ದ.

ಆ ಮಹಜರನ್ನು ಮೊದಲ ದಿನವೇ ನಾನು ಓದಿದ್ದೆ. ಆ ಸಾಲು ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಬಿಡುಗಡೆಯ ತೀರ್ಪು ಬರೆದೆ, ಕುರಿಯನ್ನು ಆಕೆಗೆ ಒಪ್ಪಿಸಲು ಹೇಳಿದೆ. ಸುಳ್ಳು ದೂರು ಕೊಟ್ಟದ್ದಕ್ಕಾಗಿ ನಾಗಯ್ಯನ ಮೇಲೆ ಬೇರೆ ನಡವಳಿ ಶುರುವಾಯಿತು. ಇನ್ನು ಊರಿಗೆ ಹೋಗಬಹುದಮ್ಮ ಎಂದರೂ ಸಣ್ಣೀರಮ್ಮ ನಿಂತೇ ಇದ್ದಳು.

"ಬುದ್ಧಿ, ನನ್ನ ಬಿಟ್ಟಿದ್ದು ಪಾಪ ಅಂತಾನಾ, ಕದ್ದಿಲ್ಲ ಅಂತಾನಾ?"

"ಕದ್ದಿಲ್ಲ ಅಂತ."

"ಅಂಗಾದ್ರೆ ಅದನ್ನ ಬರೆದುಕೊಡಿ."

ಆ ಸಂಜೆಯೇ ತೀರ್ಪಿನ ನಕಲು ಮಾಡಿಸಿ, ಮೊಹರು ಹಾಕಿಸಿ ಕೊಟ್ಟೆ. ಆಕೆ ಅದನ್ನು ಕ್ಲಾರ್ಕಿನಿಂದ ಎರಡು ಸಲ ಓದಿಸಿ ಕೇಳಿದಳು. ಆಮೇಲೆ ಕಂಬಳಿಯ ಮಡಿಕೆಯಲ್ಲಿ ಇಟ್ಟುಕೊಂಡು, ಕುರಿಯ ಹಗ್ಗ ಬಿಚ್ಚಿ, ಹೊರಟುಹೋದಳು.

ಅಲ್ಲಿಂದ ಮುಂದೆ ಪಾವಗಡ, ಶಿರಾ, ಎಲ್ಲಿ ಕೂತರೂ ನಾನೊಂದು ರೂಢಿ ಮಾಡಿಕೊಂಡೆ. ಚಾರ್ಜ್ ಓದಿದ ಮೇಲೆ "ನಿನ್ನ ಮೇಲೆ ಏನು ಆಪಾದನೆ, ನೀನೇ ಹೇಳು" ಎಂದು ಆರೋಪಿಯನ್ನು ಕೇಳುತ್ತಿದ್ದೆ. ಪಾವಗಡದವರು ತೆಲುಗಿನಲ್ಲಿ ಹೇಳಿದರೆ ತಿಳಿದವರನ್ನು ಕರೆಸುತ್ತಿದ್ದೆ. ಅರ್ಧಕ್ಕರ್ಧ ಜನ ತಪ್ಪಾಗಿ ಹೇಳುತ್ತಿದ್ದರು. ಅಂಥವರಿಗೆ ಮತ್ತೆ ಮೊದಲಿಂದ ಹೇಳುತ್ತಿದ್ದೆ. ಕೆಲಸ ನಿಧಾನವಾಗುತ್ತದೆಂದು ಮೇಲಿನವರಿಂದ ಒಂದೆರಡು ಸಲ ಕಾಗದ ಬಂತು. ಉತ್ತರ ಬರೆದೆ, ರೂಢಿ ಬಿಡಲಿಲ್ಲ. ಆರೋಪಿಗೆ ಅರ್ಥವಾಗದ ಚಾರ್ಜನ್ನು ಎಷ್ಟು ಗಟ್ಟಿಯಾಗಿ ಓದಿದರೂ ಓದಿದಂತಾಗುವುದಿಲ್ಲ.