ಬಾಗಿಲು ಯಾವ ಕಡೆಗಿರಬೇಕು

ಮಕ್ಕಳೇ, ಅಣ್ಣಾ ನಗರದ ಶಾಲೆಯೊಂದರ ಮೈದಾನದಲ್ಲಿ ಕನ್ನಡ ಸಂಘದ ಕಾರ್ಯಕ್ರಮವಿತ್ತು. ನಿಮ್ಮಲ್ಲಿ ಚಿಕ್ಕವಳು ಅಂದು ಕುಣಿಯುವವಳಿದ್ದಳು. ಸೊಂಟದ ಮೂಳೆ ಮುರಿದ ಮೇಲೆ ನಾನು ವೀಲ್‌ಚೇರಿನಲ್ಲಿ ಹೊರಗೆ ಹೋದದ್ದು ಅದೇ ಮೊದಲು. ನನ್ನಂಥವರಿಗೆಂದು ಕುರ್ಚಿ ಒಳಗೆ ಹೋಗುವಷ್ಟು ದೊಡ್ಡ ಬಾಡಿಗೆ ಟಾಯ್ಲೆಟ್ ತರಿಸಿ, ವೇದಿಕೆಯ ಪಕ್ಕದಲ್ಲೇ ಇಟ್ಟಿದ್ದರು. ಅದರ ಬಾಗಿಲು ಜನರ ಕಡೆಗಿತ್ತು. ಹಳ್ಳಿಯಲ್ಲಿ ಕತ್ತಲಿರುವಾಗಲೇ ಬಯಲಿಗೆ ಹೋಗಿಬರುತ್ತಿದ್ದ ನನಗೆ ಅಷ್ಟು ಜನರೆದುರು ಒಳಗೆ ಹೋಗುವುದು ಆಗದ ಮಾತು.

ಅವಳ ಸರದಿ ಹತ್ತಿರ ಬಂದಾಗ ತಡೆಯಲಾಗದೆ, ಮನೆಗೆ ಹೋಗೋಣವೆಂದು ನಿಮ್ಮ ಅಮ್ಮನ ಕಿವಿಯಲ್ಲಿ ಹೇಳಿದೆ.

"ಅಲ್ಲೇ ಇದೆಯಲ್ಲ ಅತ್ತೆ. ನಿಮ್ಮನ್ನ ಯಾರು ನೋಡ್ತಾರೆ? ಎಲ್ಲರ ಕಣ್ಣೂ ಸ್ಟೇಜ್ ಮೇಲೆ."

"ಅದಿರೋದೂ ಸ್ಟೇಜ್ ಪಕ್ಕದಲ್ಲೇ ಅಲ್ವೇನಮ್ಮ!"

ಹಿಂದೆ ನಿಂತಿದ್ದ ಸಂಘದವರೊಬ್ಬರಿಗೆ ಇದು ಕೇಳಿಸಿತು. "ಸಾರಿ ಮಾಮಿ, ಹತ್ತಿರ ಇರ್ಲಿ ಅಂತ ಅಷ್ಟೇ ಯೋಚಿಸಿದ್ವಿ" ಎಂದವರು ಕೆಲವರನ್ನು ಕರೆದು, ಬಾಗಿಲು ಕಾಂಪೌಂಡ್ ಗೋಡೆಯ ಕಡೆಗೆ ಬರುವಂತೆ ಅದನ್ನು ತಿರುಗಿಸಿದರು. ಕುರ್ಚಿ ತಿರುಗಲು ಜಾಗ ಬಿಡಿ ಎಂದು ನಾನೇ ಹೇಳಿದೆ. ಅಷ್ಟು ಗಂಡಸರ ಮುಂದೆ ಬಾಯಿ ಬಿಟ್ಟದ್ದು ನನಗೇ ಆಶ್ಚರ್ಯ.

ನಾನು ಹೊರಬರುವಾಗ ಅವಳ ಕುಣಿತ ಶುರುವಾಗಿತ್ತು. ನಮ್ಮ ಜಾಗಕ್ಕೆ ಮರಳುವಷ್ಟರಲ್ಲಿ ಮುಗಿದೀತೆಂದು ಅಲ್ಲೇ ಉಳಿದೆ. ಅಲ್ಲಿಂದ ವೇದಿಕೆಯ ಒಂದು ಅಂಚು ಮಾತ್ರ ಕಾಣುತ್ತಿತ್ತು. ಅವಳು ಆ ಅಂಚಿಗೆ ಬಂದಾಗಲೆಲ್ಲ ಕಣ್ತುಂಬ ನೋಡಿದೆ.